ಸದ್ಯಕ್ಕೆ ಪರ್ಮನೆಂಟ್

ಭಾವ ಮತ್ತೊಮ್ಮೆ ಆಕಳಿಸಿದರು, ಬಾಯಿಗೆ ಕೈ ಅಡ್ಡ ಹಿಡಿಯದೆ, ಬೆಳ್ಳಿ ತುಂಬಿಸಿದ ದವಡೆ ಹಲ್ಲು ಕಾಣುವ ಹಾಗೆ, ಆಹಾ, ಪರ್ಮನೆಂಟ್ ಆದವರ ಆಕಳಿಕೆಯೇ ಬೇರೆ, ವಲಸೆ ಕಚೇರಿಯ ಈ ಹಜಾರದಲ್ಲಿ ಕೂತ ಉಳಿದವರೆಲ್ಲ ಉಸಿರನ್ನೂ ಅಪ್ಪಣೆ ಕೇಳಿ ಬಿಡುವವರಂತೆ ಮೊಣಕಾಲು ಜೋಡಿಸಿಕೊಂಡು ಕೂತಿದ್ದಾರೆ, ಇವರೊಬ್ಬರು ಮಾತ್ರ ಕಾಲ ಮೇಲೆ ಕಾಲು ಹಾಕಿ, ಸ್ವಂತ ಮನೆಯ ಪಡಸಾಲೆಯಲ್ಲಿ ಕೂತಂತೆ ಆಕಳಿಸಿದರು — ರು, ನೋಡು, ಮನಸ್ಸಿನೊಳಗೂ ಬಹುವಚನ ಬಿಡುವುದಿಲ್ಲ, ಗಂಡನ ಅಣ್ಣ ಅಂತ ಒಗ್ಗಿಹೋದ ಈ ಹಾಳು ನಾಲಗೆ ಬೈಯುವಾಗಲೂ ಮರ್ಯಾದೆ ಕೊಟ್ಟೇ ಬೈಯುತ್ತದೆ. ಪರ್ಸಿನೊಳಗೆ ಜನ ಮಕ್ಕಳ ಫೋಟೋ ಇಡುವ ಆ ಪಾರದರ್ಶಕ ಕಿಂಡಿಯಲ್ಲಿ ಇವರು ಇಟ್ಟಿರುವುದು ಪಿಆರ್ ಕಾರ್ಡು, ಕಾಯಂ ವಾಸದ ಹಕ್ಕು, ಅದು ಕೈಗೆ ಬಂದ ದಿನದಿಂದ ನಮ್ಮ ದೇಶದಲ್ಲಿ ಹಾಗೆಲ್ಲ ಮಾಡಲ್ಲಮ್ಮ ಅಂತಾರೆ, ನಮ್ಮ ದೇಶ ಅಂದರೆ ಇದು, ಹುಟ್ಟಿದ ದೇಶಕ್ಕೆ ಈಗ ನಿಮ್ಮ ಕಡೆ ಅಂತ ಹೆಸರು. ಪಕ್ಕದಲ್ಲಿ ಮಗಳು ಪುಟ್ಟಿ ಅವರನ್ನೇ ನೋಡಿ ಕೆನ್ನೆ ಎರಡೂ ಉಬ್ಬಿಸಿದಳು, ಅದು ಪುಟ್ಟಿಯ ಸನ್ನೆಯ ಭಾಷೆಯಲ್ಲಿ ದೊಡ್ಡಪ್ಪನ ಹೆಸರು, ಕಪ್ಪೆ, ತಾಯಿ ನಗು ನುಂಗಿಕೊಂಡು ಮಗಳ ಕೆನ್ನೆ ಚಿವುಟಿದಳು, ಏನಂತೆ ಮಗು, ಅಂದರು ಭಾವ, ನಿಮ್ಮನ್ನ ಮಾತಾಡಿಸ್ತಿದಾಳೆ ಭಾವ, ಹೌದಾ, ಪಾಪ, ಅಂದರು, ಅವರ ಬಾಯಲ್ಲಿ ಮಗಳಿಗಿರುವ ಹೆಸರು ಅದೊಂದೇ, ಪಾಪ.

ಎದುರು ಸಾಲಿನಲ್ಲಿ ಗಂಡ ಅಂಗೈ ಉಜ್ಜಿಕೊಳ್ಳುತ್ತಿದ್ದ, ಉಗುರಿನ ಸಂದಿಯ ಗ್ರೀಸು ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚುವ ಕೈ ಅದು, ಈ ದೇಶಕ್ಕೆ ಮೆಕ್ಯಾನಿಕ್ಕುಗಳು ಬೇಕಾಗಿದ್ದರು, ಕರೆದು ಕೆಲಸದ ವೀಸಾ ಕೊಟ್ಟರು, ಗಾಳಿಪಟಕ್ಕೆ ಬಾಲಂಗೋಚಿ ಕಟ್ಟಿದ ಹಾಗೆ ಅದಕ್ಕೆ ಅವಳನ್ನೂ ಮಗಳನ್ನೂ ಕಟ್ಟಿದರು, ಅವಲಂಬಿತರು ಅಂತ ಅದರ ಹೆಸರು, ಬಾಲಂಗೋಚಿ ಇಲ್ಲದಿದ್ದರೆ ಗಾಳಿಪಟ ಮೂತಿ ಕೆಳಗೆ ಮಾಡಿ ಬೀಳುತ್ತದೆ ಅಂತ ಈ ಕಚೇರಿಯವರಿಗೆ ಯಾರು ಹೇಳಬೇಕು. ವೀಸಾ ಅಂದರೆ ಬಾಡಿಗೆ ಮನೆ, ಕಾಯಂ ಅಂದರೆ ಸ್ವಂತ ಮನೆ, ಅಂತ ಭಾವ ಮೊದಲ ದಿನವೇ ಪಾಠ ಮಾಡಿದ್ದರು, ಸ್ವಂತ ಮನೆ ಕೊಡುವ ಮುಂಚೆ ನಮ್ಮ ಹಲ್ಲು ಹಿಡಿದು ನೋಡುತ್ತಾರೆ ಅನ್ನುವುದನ್ನು ಮಾತ್ರ ಹೇಳಿರಲಿಲ್ಲ, ಸಂತೆಯಲ್ಲಿ ದನಕ್ಕೆ ನೋಡುವ ಹಾಗೆ, ನಾಲಗೆ ಚಾಚು, ಎದೆಯ ಎಕ್ಸ್‌ರೇ, ರಕ್ತ — ವೈದ್ಯ ಪುಟ್ಟಿಯ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದ, ಅವಳು ತಿರುಗಲಿಲ್ಲ, ಹುಟ್ಟಿನಿಂದ ಕಿವಿ ಕೇಳದು ಅಂತ ಮೊದಲೇ ಹೇಳಿದ್ದರು, ಆದರೂ ತಟ್ಟಿದ, ಇನ್ನೂ ಜೋರಾಗಿ ತಟ್ಟಿದ, ಮೋಸದಿಂದ ಕಿವುಡು ಸಾಗಿಸಿ ತಂದಿದ್ದಾರೇನೋ ಅನ್ನುವ ಹಾಗೆ. ಆಮೇಲೆ ಬಂತು ಕಾಗದ, ಮಗುವಿನ ಶಾಲೆ, ಚಿಕಿತ್ಸೆ, ಇವೆಲ್ಲ ಇಲ್ಲಿನವರ ಮೇಲೆ ಬೀಳುತ್ತವೆ, ಆದ್ದರಿಂದ ಕಾಯಂ ವಾಸ ಯಾರಿಗೂ ಸಿಗದೇ ಹೋಗಬಹುದು, ಒಬ್ಬರನ್ನು ತಡೆದರೆ ಮೂವರನ್ನೂ ತಡೆದ ಹಾಗೆ, ಬಂದು ವಿವರಣೆ ಕೊಡಿ. ವಿವರಣೆ! ಅವಳು ಕೆಲಸ ಮಾಡುವುದು ಆಸ್ಪತ್ರೆಯ ಲಾಂಡ್ರಿಯಲ್ಲಿ, ರಕ್ತ ಕೀವು ವಾಂತಿ ಎಲ್ಲ ಹೋಗುವ ತನಕ ಕುದಿಸಿ, ಹಬೆ ಕಾರುವ ಇಸ್ತ್ರಿಯಡಿ ಹಾಯಿಸಿ ಮಡಿಸಿ ಕಳಿಸಿದ ದುಪ್ಪಟಿಯ ಮೇಲೆ ಇವರ ಇಡೀ ಊರು ಮಲಗಿ ಎದ್ದು ಹೋಗುತ್ತದೆ, ಅದು ಹೊರೆಯಲ್ಲ, ಅದೇ ಆಸ್ಪತ್ರೆಯ ಬಾಗಿಲಿಗೆ ಅವಳ ಮಗಳು ಕಾಲಿಟ್ಟರೆ ಮಾತ್ರ ನೆಲ ಕುಸಿಯುತ್ತದೆ.

ಕಾಗದ ಬಂದದ್ದೇ ತಡ ಗಂಡ ಅಣ್ಣನ ಮನೆಗೆ ಓಡಿದ, ಅವಳೂ ಹಿಂದೆ ಹೋದಳು, ಆ ಮನೆಯ ಸೋಫಾಕ್ಕೆ ಇನ್ನೂ ಅಂಗಡಿಯ ಪ್ಲಾಸ್ಟಿಕ್ ಬಿಚ್ಚಿಲ್ಲ, ಕೂತರೆ ಬರ್ರ್ ಅನ್ನುತ್ತದೆ, ಕಾಯಂ ವಾಸಿಯ ಮನೆಯಲ್ಲಿ ಕಾಯಂ ಆಗಿ ಕೂತ ವಸ್ತು ಒಂದೂ ಇಲ್ಲ. ಓರಗಿತ್ತಿ ಬಿಸ್ಕತ್ತು ಇಟ್ಟು ಒಳಗೆ ಹೋದಳು, ಅವಳಿಗೆ ಗಂಡ ಮಾತಾಡುವಾಗ ಅಡುಗೆಮನೆ ನೆನಪಾಗುತ್ತದೆ. ನೋಡಮ್ಮಾ, ಅಂದರು ಭಾವ, ಅಳೋದು ಕರೆಯೋದು ಎಲ್ಲ ಆಮೇಲೆ, ಮೊದ್ಲು ತಲೆ ಓಡಿಸ್ಬೇಕು, ಮಗೂನ ಸದ್ಯಕ್ಕೆ ನಿಮ್ಮಮ್ಮನ ಹತ್ರ ಬಿಡಿ, ಸಾಕೋ ಜವಾಬ್ದಾರಿ ಅಜ್ಜೀದೇ ಅಂತ ಬರೆದುಕೊಡಿ, ಇಲ್ಲಿ ಅರ್ಜಿಯಿಂದ ಅವಳ ಹೆಸರು ತೆಗೀತಾರೆ, ನೀವಿಬ್ರೂ ಪರ್ಮನೆಂಟ್ ಆಗ್ಬಿಡಿ, ಆಮೇಲೆ ನಿಧಾನಕ್ಕೆ ಕರೆಸ್ಕೊಂಡ್ರಾಯ್ತು. ಆಮೇಲೆ ಅವಳಿಗೆ ಕಿವಿ ಕೇಳ್ಸತ್ತಾ ಭಾವ, ಅಂದಳು ಅವಳು, ಆಮೇಲೂ ಅದೇ ಡಾಕ್ಟ್ರು, ಅದೇ ಚಪ್ಪಾಳೆ ತಾನೇ. ಭಾವ ತಮ್ಮನ ಕಡೆ ತಿರುಗಿ ನಕ್ಕರು, ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ನೆ ಹೇಳ್ತಾರಾ — ಗಂಡನೂ ನಕ್ಕ, ನಕ್ಕನೋ, ಸುಮ್ಮನೆ ತುಟಿ ಎಳೆದನೋ, ಇವತ್ತಿಗೂ ಗೊತ್ತಿಲ್ಲ, ಅವನ ಮುಖವೇ ಹಾಗೆ, ಮದುವೆಯ ಫೋಟೋದಲ್ಲೂ ಯಾರೋ ಕಾಲು ತುಳಿದ ಹಾಗಿದ್ದಾನೆ. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಹೇಳಿದ್ದಳು, ರೀ, ನನ್ನ ಕೂಸನ್ನ ಬಿಟ್ಟು ನನಗೆ ಯಾವ ಕಾಯಂ ಮನೆಯೂ ಬೇಡ. ಸರಿ ಬಿಡೇ, ಬೇಡ ಅಂದ್ರೆ ಬೇಡ, ಮೂರೂ ಜನ ಒಟ್ಟಿಗೇ, ಅಂದಿದ್ದ. ನಂಬಿದಳು, ಎಂಜಿನ್ನಿನ ಶಬ್ದ ಕೇಳಿಯೇ ಎಲ್ಲಿ ಸಡಿಲವಾಗಿದೆ ಅಂತ ಹೇಳುವವನ ಹೆಂಡತಿ, ಗಂಡನ ದನಿಯಲ್ಲಿ ಸಡಿಲವಾದದ್ದು ಕೇಳಿಸಲಿಲ್ಲ ಅವಳಿಗೆ, ಕಿವುಡು ಯಾರಿಗೋ.

ಬಾಗಿಲು ತೆರೆದು ಕರೆದರು, ಅರ್ಜಿದಾರರು ಮಾತ್ರ ಅಂದರು, ಭಾವ ಎದ್ದವರು ಪೆಚ್ಚಾಗಿ ಕೂತರು, ಕಾರ್ಡು ತೋರಿಸಿ ನೋಡಿದರು, ಪ್ರಯೋಜನವಾಗಲಿಲ್ಲ, ಅಷ್ಟರಮಟ್ಟಿಗೆ ಆ ಬಾಗಿಲು ದೊಡ್ಡದು. ಒಳಗೆ ಉದ್ದನೆಯ ಮರದ ಮೇಜು, ಆಚೆ ಅಧಿಕಾರಿಣಿ, ಪಕ್ಕದಲ್ಲಿ ಅವಳ ಮಾತನ್ನು ಕನ್ನಡಕ್ಕೆ ತಿರುಗಿಸುವ ದುಭಾಷಿ ಹೆಂಗಸು, ಅಧಿಕಾರಿಣಿಯ ದನಿಯಲ್ಲಿ ಎಷ್ಟು ಮಮತೆ, ಸೂಜಿ ಚುಚ್ಚುವ ಮುಂಚೆ ಹತ್ತಿಯಿಂದ ಒರೆಸುತ್ತಾರಲ್ಲ ಹಾಗೆ, ಮಗು ತುಂಬಾ ಮುದ್ದಾಗಿದೆ ಅಂದಳು, ಅದನ್ನೂ ದುಭಾಷಿ ತಿರುಗಿಸಿದಳು, ಮಗು ಅತ್ಯಂತ ಮುದ್ದಾಗಿರುತ್ತದೆ, ಆಮೇಲೆ ಉದ್ದಕ್ಕೆ ಏನೋ ಅಂದಳು, ದುಭಾಷಿ ತಡವರಿಸಿದಳು, ಸಾರ್ವಜನಿಕ ಸೇವೆಗಳ ಮೇಲೆ ಮಿತಿಮೀರಿದ, ಏನನ್ನಬೇಕು ಅದಕ್ಕೆ, ಹೊರೆ, ಅಂದಳು, ಅಂದು ಮಗಳ ಕಡೆ ನೋಡಿ ಬೇಗ ಕಣ್ಣು ತಿರುಗಿಸಿಕೊಂಡಳು, ಕೇಳಿಸಿಬಿಟ್ಟಿತೇನೋ ಅನ್ನುವ ಹಾಗೆ, ಮಂಕೇ, ಕೇಳಿಸಿದ್ದರೆ ಇಲ್ಲಿಗೇಕೆ ಬರುತ್ತಿದ್ದೆವು. ಬಾಯಿಗಳು ಆಡುವುದನ್ನು ನೋಡಿ ನೋಡಿ ಬೇಸತ್ತ ಪುಟ್ಟಿ ಮೇಜಿನ ಮೇಲೆ ಅಂಗೈ ಊರಿದಳು, ಬೆರಳೈದೂ ಅಗಲಿಸಿ, ಅವಳು ಕೇಳುವುದು ಹಾಗೆ, ಮರದ ಮೂಲಕ, ಮನೆಯಲ್ಲಿ ಊಟದ ಮೇಜಿನ ಈ ತುದಿಯಲ್ಲಿ ಅಂಗೈ ಊರುತ್ತಾಳೆ, ಆ ತುದಿಯಿಂದ ಅಪ್ಪ ಮುಷ್ಟಿಯಿಂದ ಧಡ್ ಅನ್ನಿಸುತ್ತಾನೆ, ಇವಳು ಕಿಲಕಿಲ ನಕ್ಕು ತಿರುಗಿ ಗುದ್ದುತ್ತಾಳೆ, ಸನ್ನೆ ಕಲಿಯಿರಿ ಅಂದರೆ ಊಟ, ನಿದ್ದೆ, ಬೇಡ, ಇಷ್ಟರಲ್ಲೇ ನಿಂತವನು ಅವನು, ಅಪ್ಪ ಮಗಳ ನಡುವೆ ಇರುವ ತುಂಬು ಮಾತು ಆ ಗುದ್ದಾಟ ಒಂದೇ.

ಶಾಲೆಯಲ್ಲಿ ಪುಟ್ಟಿ ಎಷ್ಟು ಚೂಟಿ, ಯಾವ ಚಿಕಿತ್ಸೆಯೂ ಬೇಕಾಗಿಲ್ಲ, ಎಲ್ಲ ಹೇಳಬೇಕು ಅಂತ ಅವಳು ಬಾಯಿ ತೆರೆಯುವಷ್ಟರಲ್ಲಿ ಗಂಡ ಗಂಟಲು ಸರಿಮಾಡಿಕೊಂಡ, ಮಗೂನ ಊರಿಗೆ ಕಳಿಸ್ತಿದೀವಿ, ಅಂದ, ಅಜ್ಜಿ ನೋಡ್ಕೊಳ್ತಾರೆ, ಅವಳ ಹೆಸರು ತೆಗೆದುಬಿಡಿ. ಭಾವನ ವಾಕ್ಯ, ಭಾವನ ಉಸಿರು, ಇವನ ಬಾಯಿ. ದುಭಾಷಿ ಅದನ್ನೂ ತಿರುಗಿಸಿದಳು, ಅಧಿಕಾರಿಣಿಯ ಮುಖ ಹಗುರಾಯಿತು, ಹೊರೆ ಇಳಿದ ಮುಖ, ತಾಯಿಯೂ ಒಪ್ಪುತ್ತಾರೆಯೇ ಅಂತ ಕೇಳಿದಳು. ಕಳ್ಳ, ಮನಸ್ಸಿನಲ್ಲಿ ಅಂದಳು ಅವಳು, ಏಕವಚನ ಎಷ್ಟು ಸಲೀಸಾಗಿ ಬಂತು, ಕಳ್ಳ, ಹೇಡಿ, ಅಣ್ಣನ ಚೀಲ ಹೊರುವವನು, ಹೊರಗೆ ಮಾತ್ರ ದನಿ ಶಾಂತವಾಗಿಯೇ ಬಂತು, ಇಲ್ಲ ಅಂದಳು, ಮಗಳ ಹೆಸರು ತೆಗೆಯೋದಾದ್ರೆ ನನ್ನದನ್ನೂ ತೆಗೀರಿ, ಅವಳು ಎಲ್ಲೋ ನಾನು ಅಲ್ಲಿ. ದುಭಾಷಿ ಈ ಸಲ ತಡವರಿಸಲಿಲ್ಲ. ಅಧಿಕಾರಿಣಿ ಪೆನ್ನು ಕೆಳಗಿಟ್ಟಳು, ಹಾಗಾದರೆ ತಾಯಿ ಮಗಳು ಈಗಿನ ವೀಸಾ ಮುಗಿಯುವ ತನಕ ಇರಬಹುದು, ಆಮೇಲೆ ಹೊರಡಬೇಕು, ಉಳಿಯುವುದು ನಿಮ್ಮೊಬ್ಬರ ಅರ್ಜಿ, ಅದಕ್ಕೆ ಅಡ್ಡಿಯಿಲ್ಲ, ಇವತ್ತೇ ಮಂಜೂರು ಮಾಡಬಹುದು, ಏನು ಮಾಡಲಿ, ಅಂತ ಗಂಡನನ್ನು ಕೇಳಿದಳು. ಅವಳು ಕಾದಳು. ಈಗ ಎದ್ದೇಳುತ್ತಾನೆ, ಕುರ್ಚಿ ಹಿಂದಕ್ಕೆ ಸರಿಸಿ, ಹಾಗಾದ್ರೆ ನನಗೂ ಬೇಡ ಅನ್ನುತ್ತಾನೆ, ಅನ್ನದೆ ಎಲ್ಲಿ ಹೋಗುತ್ತಾನೆ, ಎಷ್ಟಾದರೂ ಆ ಮಗುವಿನ ಜ್ವರಕ್ಕೆ ಇಡೀ ರಾತ್ರಿ ಕೂತವನು — ಗಂಡ ಬಾಗಿಲ ಕಡೆ ನೋಡಿದ, ಆಚೆ ಆಕಳಿಸುತ್ತಿರುವ ಅಣ್ಣನ ಕಡೆ, ಉಗುರಿನ ಗ್ರೀಸು ಕೆರೆದ, ಸದ್ಯಕ್ಕೆ, ಅಂದ, ಸದ್ಯಕ್ಕೆ ನಂದಾದ್ರೂ ಆಗ್ಲಿ. ದುಭಾಷಿ ಅವಳ ಮುಖ ನೋಡಿದಳು, ಆ ಮಾತನ್ನು ತಿರುಗಿಸಲು ಅವಳ ಅಪ್ಪಣೆ ಬೇಕು ಅನ್ನುವ ಹಾಗೆ, ತಿರುಗ್ಸಮ್ಮಾ ತಿರುಗ್ಸು, ಅಂದಳು ಅವಳು, ಸದ್ಯಕ್ಕೆ ಪರ್ಮನೆಂಟ್ ಅಂತ ಹೇಳು, ಆ ಭಾಷೆಯಲ್ಲಿ ಅದು ಹೇಗೆ ಬರುತ್ತೋ ನಾನೂ ಕೇಳ್ತೀನಿ. ಎಂಥ ಗಂಡಿಗೆ ಕಾದೆ, ಥೂ, ಅವನಿಗಿಂತ ನಾನೇ ದಡ್ಡಿ, ಬಾಡಿಗೆಗೂ ನಿಲ್ಲದವನನ್ನು ಸ್ವಂತ ಮನೆ ಅಂದುಕೊಂಡೆನಲ್ಲ.

ಅಧಿಕಾರಿಣಿ ಅವಳ ಹೆಸರು ಹೊಡೆದು ಹಾಕಿದಳು, ಮಗಳದ್ದು ಹೊಡೆದು ಹಾಕಿದಳು, ಮೊಹರು ಎತ್ತಿದಳು, ಧಡ್. ಮೇಜು ನಡುಗಿತು. ಪುಟ್ಟಿಯ ಮುಖ ಅರಳಿತು, ಕಿಲಕಿಲ ನಕ್ಕಳು, ಅಪ್ಪನೇ ಗುದ್ದಿದನೆಂದು ಅವನ ಕಡೆ ತಿರುಗಿ ತನ್ನ ಪುಟ್ಟ ಮುಷ್ಟಿಯಿಂದ ಒಂದು ಗುದ್ದು ಕೊಟ್ಟಳು, ಕೊಟ್ಟು ಮತ್ತೆ ಅಂಗೈ ಊರಿದಳು, ಈಗ ನಿನ್ನ ಸರದಿ. ಅವನು ಕೈ ಎತ್ತಲಿಲ್ಲ. ಆಮೇಲೆ ಹಜಾರ, ಭಾವ ತಮ್ಮನ ಬೆನ್ನು ತಟ್ಟಿದ್ದು, ಗೆದ್ದೆ ಕಣೋ ಅಂದದ್ದು, ಪಾಪಕ್ಕೆ ಚಾಕಲೇಟು ಕೊಡ್ಸೋ ಅಂದದ್ದು, ಗಂಡ ತಲೆ ಎತ್ತದೆ ಮನೆಗೆ ಹೋಗಿ ಮಾತಾಡೋಣ ಕಣೇ ಅಂದದ್ದು, ಯಾರ ಮನೆಗೆ, ಅಂತ ಅವಳು ಕೇಳಿ ಮಗಳ ಕೈ ಹಿಡಿದು ಮುಂದೆ ನಡೆದದ್ದು, ಬಸ್ಸು, ಬಸ್ಸಿನ ತಣ್ಣನೆಯ ಸರಳು, ಎದುರಿನ ಸೀಟಿನಲ್ಲಿ ಯಾರದೋ ಕೊಡೆ, ಅಮ್ಮನಿಗೆ ಫೋನು ಮಾಡಬೇಕು, ಲಾಂಡ್ರಿಗೆ ಹೇಳಬೇಕು, ಪುಟ್ಟಿಯ ಶಾಲೆಗೆ — ಆ ಅಂಗೈ. ಊರಲ್ಲಿ ಯಾವ ಶಾಲೆ, ಯಾರಿಗೆ ಸನ್ನೆ ಗೊತ್ತು, ಅಮ್ಮನ ಮನೆಯಲ್ಲಿ ಎಷ್ಟು ದಿನ, ಯೋಚಿಸಬೇಕು, ಒಂದೊಂದಾಗಿ — ಬೆರಳೈದೂ ಅಗಲಿಸಿ ಮೇಜಿನ ಮೇಲೆ ಊರಿದ ಅಂಗೈ, ಅಪ್ಪನ ಕಡೆ ಮುಖ. ಯೋಚಿಸಬೇಕು. ಅಂಗೈ. ಮರದ ಮೇಲೆ, ಅಲುಗದೆ, ಕಾಯುತ್ತ.