ಗಿರಣಿಯ ತಾಳದವನು

ಶರಣಯ್ಯನಿಗೆ ನಿಶ್ಶಬ್ದವೆಂದರೆ ಭಯ. ಮಾನ್ವಿಯಲ್ಲಿ ವಿರೂಪಣ್ಣನವರ ಅಕ್ಕಿ ಗಿರಣಿಯ ಹಿಂದಿನ ಕೋಣೆಯಲ್ಲಿ ಹುಟ್ಟಿ, ಅದೇ ಗಿರಣಿಯಲ್ಲಿ ಮಷೀನು ನೋಡಿಕೊಳ್ಳಲು ನಿಂತವನು ಅವನು. ಗಿರಣಿ ತಿರುಗುವಾಗ ತೊಟ್ಟಿಲಲ್ಲಿ ನಗುತ್ತಿದ್ದ ಕೂಸು, ಕರೆಂಟು ಹೋದೊಡನೆ ಕಿರುಚುತ್ತಿತ್ತಂತೆ. ನಮ್ಮೂರ ಶಾಲೆಯಲ್ಲಿ ಮಗ್ಗಿಯನ್ನೂ ಬೆಂಚು ಬಡಿದೇ ಒಪ್ಪಿಸಿದವನು. ಇಂದಿಗೂ ಕುಳಿತಲ್ಲಿ ಎಡಗಾಲು ನೆಲ ತಟ್ಟುತ್ತದೆ, ಬಲಗೈ ತೊಡೆಯ ಮೇಲೆ ಅದಕ್ಕೆ ಉತ್ತರ ಕೊಡುತ್ತದೆ. ಮಾತು ಮಾತ್ರ ಕಡಿಮೆ. ಏನು ಕೇಳಿದರೂ "ಆತ್ ಬಿಡ್ರಿ" ಎಂಬುದೊಂದೇ ಉತ್ತರ.

ಬಟ್ಟೆ ಅಂಗಡಿಯ ವಲಿ ಪಾಷಾರ ಮಗ ಮುಜಾಹಿದ್ ಆರು ವರ್ಷದ ಹಿಂದೆ ಆಲ್ಟರ್ನೇಟಿವ್ ಮೆಟಲ್ ತಂಡ ಕಟ್ಟಿದಾಗ ಡ್ರಮ್ಮಿಗೆ ಕರೆದದ್ದು ಇವನನ್ನೇ. ಸಿಡಿಲು, ಜಗಳ, ವ್ಯಥೆ ಮೂರನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿದಂಥ ಆ ಸಂಗೀತವನ್ನು ಯಾವ ಓಣಿಯೂ ಸಹಿಸಲಿಲ್ಲ. ಕೊನೆಗೆ, ಇದ್ದ ಗದ್ದಲದಲ್ಲಿ ಇನ್ನಷ್ಟು ಗದ್ದಲ ಯಾರಿಗೂ ಭಾರವಾಗದೆಂದು ಗಿರಣಿಗೇ ಬಂದರು. "ತೌಡು ಕುಟ್ಟೋ ಮಂದಿಗಿ ಇದs ಜಾಗಾ. ಕುಟ್ರಿ" ಎಂದು ವಿರೂಪಣ್ಣ ಒಪ್ಪಿಗೆಯಿತ್ತರು, ತಂಡಕ್ಕೆ 'ತೌಡು' ಎಂದೇ ಹೆಸರಾಯಿತು.

ಅಭ್ಯಾಸ ಮುಗಿಯುವಷ್ಟರಲ್ಲಿ ಶರಣಯ್ಯನ ಕರಿ ಅಂಗಿ, ಭುಜ ಮುಟ್ಟುವ ಕೂದಲು, ಹುಬ್ಬು ಎಲ್ಲವೂ ತೌಡಿನ ಪುಡಿ ಹತ್ತಿ ಬೂದಿಬಣ್ಣಕ್ಕೆ ತಿರುಗುತ್ತಿದ್ದವು. ಕುರ್ಡಿ ಹಳ್ಳಿಯಿಂದ ಭತ್ತ ತಂದ ಮಾನಮ್ಮ ಅವನನ್ನು ಕಂಡು, ಮೈತುಂಬ ವಿಭೂತಿ ಧರಿಸಿದ ಸ್ವಾಮಿಯೆಂದೇ ಬಗೆದು ಕಾಲು ಮುಟ್ಟಿದಳು. "ಕೂದಲಾ ಯಾವ ದೇವರ ಹರಕಿ ಯಪ್ಪಾ?" ಶರಣಯ್ಯ ಕಾಲು ಹಿಂದೆಗೆದು, "ಆತ್ ಬಿಡ್ರಿ" ಎಂದ. ಅದನ್ನೇ ಆಶೀರ್ವಾದವೆಂದು ತಿಳಿದು ಅವಳು ಹೊರಟುಹೋದಳು.

ಮೊದಲ ಕಾರ್ಯಕ್ರಮ ದೇವದುರ್ಗದಲ್ಲಿ, ಕಾಲೇಜೊಂದರ ವಾರ್ಷಿಕ ಗ್ಯಾದರಿಂಗಿನಲ್ಲಿ. ಗಿರಣಿಯ ಚಕ್ರಗಳಿಗೆ ಸುತ್ತಿದ ಪಟ್ಟದ ದಡದಡವೇ ತನಗೆ ತಾಳ ಹೇಳಿಕೊಡುತ್ತಿತ್ತೆಂಬುದು ಅವನಿಗೆ ತಿಳಿದದ್ದು ಅಲ್ಲಿಯೇ. ಮಷೀನಿಲ್ಲದ ವೇದಿಕೆಯಲ್ಲಿ ಗಾಬರಿಯಾಗಿ ತಾಳವನ್ನು ಓಡಿಸಿದ. ಐದು ನಿಮಿಷದ ಹಾಡು ಮೂರರಲ್ಲಿ ಮುಗಿಯಿತು. "ಲೇ ಶರಣ್ಯಾ, ಕಡೀ ಬಸ್ಸ್ ತಪ್ತದೇನಲೇ?" ಎಂದು ಮುಜಾಹಿದ್ ಮೈಕಿನಲ್ಲೇ ಕೇಳಿದ. ಮುಂದೆಯೂ ಹೋದಲ್ಲೆಲ್ಲ ಅದೇ ಕಥೆ. ಈ ವರ್ಷ ರಾಯಚೂರಿನ ಸ್ಪರ್ಧೆಗೆ ಮುನ್ನ ಮುಜಾಹಿದ್ ಖಂಡಿತವಾಗಿ ಹೇಳಿಬಿಟ್ಟ: "ಇದೊಂದು ಸಲ ತಪ್ಪಿದ್ರ, ಕಂಪ್ಯೂಟರಿನ ಡ್ರಮ್ಮ ಹಾಕ್ತೀನಿ." ಊರಿಗೆಲ್ಲ ಮಷೀನಿನವನಾಗಿದ್ದ ಶರಣಯ್ಯ ಆ ತಂಡದಲ್ಲಿ ಮಾತ್ರ ಕಲಾವಿದನಾಗಿದ್ದ.

ಅವನೇ ಉಪಾಯ ಹುಡುಕಿದ. ಗಿರಣಿಯ ಸದ್ದನ್ನು ಫೋನಿನಲ್ಲಿ ರೆಕಾರ್ಡು ಮಾಡಿ, ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು ವೇದಿಕೆ ಏರಿದ. ತಾಳ ಗೂಟಕ್ಕೆ ಕಟ್ಟಿದಂತೆ ನಿಂತಿತು. ಮುಜಾಹಿದ್ ಹಿಂದಿರುಗಿ ನೋಡಿ ನಕ್ಕ. ನಾಲ್ಕನೆಯ ನಿಮಿಷದಲ್ಲಿ ಕಿವಿಯೊಳಗೆ, ಆ ಸದ್ದಿನ ಜೊತೆಗೇ ಫೋನಿಗೆ ಸಿಕ್ಕಿದ್ದ ವಿರೂಪಣ್ಣ ಗುಡುಗಿದರು: "ಬಂದ್ ಮಾಡಲೇ, ಪಟ್ಟಾ ಜಾರ್‍ಯಾದ!" ಆ ಕೂಗು ಬಿದ್ದೊಡನೆ ಕೈ ತೆಗೆಯದವನ ಬೆರಳು ಉಳಿಯುವುದಿಲ್ಲವೆಂಬುದು ಗಿರಣಿಯ ಮೊದಲ ಪಾಠ. ಶರಣಯ್ಯ ಎರಡೂ ಕೈ ಮೇಲೆತ್ತಿ ಕುಳಿತುಬಿಟ್ಟ. ಗಿಟಾರು ಎರಡು ಹೆಜ್ಜೆ ತಡವರಿಸಿ ನಿಂತಿತು. ಮುಜಾಹಿದನ ಹಾಡು ಬಾಯಲ್ಲೇ ಉಳಿಯಿತು. ಅತ್ತ ಕಿವಿಯೊಳಗೆ ಪಟ್ಟ ಸರಿಹೋಗಿ, ಮಷೀನು ಮೆಲ್ಲನೆ ತಿರುಗಿ ವೇಗ ಹಿಡಿದಂತೆ ಶರಣಯ್ಯನ ಕೈಗಳೂ ಮತ್ತೆ ಡ್ರಮ್ಮಿನ ಮೇಲೆ ಇಳಿದವು.

ಬಹುಮಾನ ಬೇರೆಯವರಿಗೆ ಹೋಯಿತು. ವೇದಿಕೆಯ ಹಿಂದೆ ಶರಣಯ್ಯ ಕೋಲುಗಳನ್ನು ಟವೆಲಿನಲ್ಲಿ ಸುತ್ತಿ ಮುಜಾಹಿದನ ಮುಂದಿಟ್ಟ.

"ಕಂಪ್ಯೂಟರ್ ತರಸು. ಮಾತ್ ಆಗಿತ್ತಲ್ಲ."

ಮುಜಾಹಿದ್ ಆ ಗಂಟನ್ನು ಅವನತ್ತಲೇ ತಳ್ಳಿದ. "ನೀ ಕೈ ಎತ್ತೀದಿ, ನನ್ನ ಹಾಡs ಸತ್ತು ಬಿತ್ತಲೇ. ಇಷ್ಟ್ ವರ್ಷ ನಾನs ಇದನ್ನ ನಡಸಾಕತ್ತೀನಿ ಅಂತ ತಿಳ್ಕೊಂಡಿದ್ದೆ. ಕೂಡು. ಚಾ ಕುಡಿ."

ಲೋಕದಲ್ಲಿ ಹಿಂದೆ ಕುಳಿತು ಬಾರಿಸುವವರ ಒಂದು ಕುಲವಿದೆ. ಅವರ ಕೈ ನಡೆಯುವಷ್ಟು ಕಾಲ ಅವರತ್ತ ಯಾರೂ ಕಿವಿಗೊಡುವುದಿಲ್ಲ; ಎಲ್ಲವೂ ತಾನಾಗಿಯೇ ಸಾಗುತ್ತಿದೆಯೆಂದು ಮುಂದೆ ನಿಂತವರು ನಂಬಿರುತ್ತಾರೆ. ಅವರು ಎಷ್ಟು ದೊಡ್ಡವರೆಂಬುದನ್ನು ತಿಳಿಯಲು, ಪಾಪ, ಅವರೊಮ್ಮೆ ತಪ್ಪಬೇಕಾಗುತ್ತದೆ.