ಬೆಂಚಿನ ಕೆಳಗಿನ ಹಾಜರಿ

"ನಿನ್ನ ಮಗಳಿಗೆ ತಲೆ ನೆಟ್ಟಗಿಲ್ಲ. ಆ ಮೂಲೇನೂ ಉಜ್ಜೇ, ಹಳದಿ ಹಾಗೇ ಇದೆ," ಎಂದರು ಹೆಡ್‌ಮಾಸ್ತರರು, ತಮ್ಮೊಬ್ಬರದೇ ಪಾಯಿಖಾನೆಯ ಬಾಗಿಲಲ್ಲಿ ನಿಂತು.

ಆಯಾ ಉಜ್ಜಿದಳು. ಆ ಹಳದಿ ಯಾರದೆಂದು ಇಬ್ಬರಿಗೂ ಗೊತ್ತಿತ್ತು.

ಶಾಲೆಯ ಕರೆಂಟು ಗಂಟೆ ಬಡಿದರೆ ಅವಳ ಮಗಳು ಚೀರುತ್ತಾ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರುತ್ತಿದ್ದಳು. ಹೆಸರು ಕೂಗಿದರೆ ಅಲ್ಲಿಂದಲೇ "ಬಂದಿದ್ದೀನಿ" ಎನ್ನುತ್ತಿದ್ದಳು. ಬೆಂಚಿನ ಮೇಲೆ ಕಾಣದವರೆಲ್ಲ ಗೈರುಹಾಜರು ಎಂಬುದು ಮೂರನೇ ಕ್ಲಾಸಿನ ಟೀಚರಮ್ಮನ ಲೆಕ್ಕ. ಹೀಗೆ ದಿನಾ ಬಂದ ಹುಡುಗಿ ಹಾಜರಿ ಪುಸ್ತಕದಲ್ಲಿ ಎರಡು ತಿಂಗಳಿಂದ ಬಂದೇ ಇರಲಿಲ್ಲ. ಆಟಿಸಂ ಎಂದು ಆಸ್ಪತ್ರೆಯವರು ಕೊಟ್ಟ ಕಾಗದದ ಮೇಲೆ ಹೆಡ್‌ಮಾಸ್ತರರು ಟೀ ಲೋಟ ಇಟ್ಟುಕೊಂಡಿದ್ದರು.

"ಮಗಳನ್ನ ನಾವೇ ಇಷ್ಟಪಟ್ಟು ಸ್ಕೂಲು ಬಿಡಿಸ್ಕೋತಿದ್ದೀವಿ ಅಂತ ನಿಮ್ಮಿಬ್ಬರ ಹೆಸರಲ್ಲಿ ಬರ್ಸಿಟ್ಟಿದ್ದೀನಿ. ನಾಳೆ ಗಂಡನ್ನ ಕರ್ಕೊಂಡ್ಬಂದು ಹೆಬ್ಬೆಟ್ಟು ಒತ್ತು."

ಸಂಜೆ ಆಯಾ ನಾದಿನಿಯ ಮುಂದೆ ಅತ್ತಳು. ನಾದಿನಿಯದು ಕೋರ್ಟಿನ ಎದುರು ಇಸ್ತ್ರಿ ಅಂಗಡಿ. ಕೇಳಿದ ಪ್ರಶ್ನೆಗೆ ಉತ್ತರ ಕೊಡದ ಹೊರತು ಯಾವ ವಕೀಲನಿಗೂ ಅವಳು ಕೋಟು ವಾಪಸು ಕೊಡುತ್ತಿರಲಿಲ್ಲ. ಅರ್ಧ ಕಾನೂನು ಅವಳ ಬಾಯಲ್ಲಿತ್ತು.

"ಅಳ್ಬೇಡ ಅತ್ತಿಗೆ. ಆ ಬೋಳಿಮಗನಿಗೆ ಮಗೂನ ಓಡಿಸೋ ಅಧಿಕಾರ ಇಲ್ಲ, ಅದಕ್ಕೇ ನಿಮ್ಮ ಹೆಬ್ಬೆಟ್ಟು ಬೇಕಾಗಿರೋದು. ನೀವೇ ಓಡಿಸ್ತಿದ್ದೀರ ಅಂತ ಬರ್ದು ಸೈನ್ ಮಾಡ್ಕೊಡಿ ಅನ್ನು. ಏನ್ ಕೇಳಿದ್ರೂ ಅದೇ ಅನ್ನು."

ದೊಡ್ಡವರು ಕಾಗದ ಚಾಚಿದರೆ ಬೆರಳು ಚಾಚುವುದು ಗಂಡನಿಗೆ ರೂಢಿ. ಮರುದಿನ ಆಫೀಸಿನಲ್ಲಿ ಯಾರೂ ಹೇಳುವ ಮೊದಲೇ ಅವನ ಹೆಬ್ಬೆರಳು ಇಂಕಿನ ಮೇಲಿತ್ತು. ಆಯಾ ಆ ಕೈ ಎಳೆದು ನೆಲ ಒರೆಸುವ ಬಟ್ಟೆಯಲ್ಲೇ ಒರೆಸಿದಳು.

"ನೀವೇ ಓಡಿಸ್ತಿದ್ದೀರ ಅಂತ ಬರ್ದು ಸೈನ್ ಮಾಡ್ಕೊಡಿ, ಸಾರ್."

"ಏನಂದೆ?"

ಅವಳು ಅದನ್ನೇ ಅಂದಳು.

"ಕೆಲಸ ಬೇಡ್ವೇನೇ ನಿಂಗೆ?"

"ಅದನ್ನೂ ಅದರಲ್ಲೇ ಬರೀರಿ."

ಇದು ನಾದಿನಿ ಹೇಳಿಕೊಟ್ಟ ಮಾತಲ್ಲ. ಹೆಡ್‌ಮಾಸ್ತರರ ಪೆನ್ನು ಜೇಬು ಬಿಟ್ಟು ಬರಲಿಲ್ಲ.

ಅಷ್ಟರಲ್ಲಿ ಗಂಟೆ ಬಡಿಯಿತು. ಮೂರನೇ ಕ್ಲಾಸಿನಿಂದ ಮಗಳ ಚೀರಾಟ ಕೇಳಿತು. ಆಯಾ ಯಾರನ್ನೂ ಕೇಳದೆ ನಡೆದಳು, ಕೊನೆಯ ಬೆಂಚಿನ ಕೆಳಗೆ ತೂರಿ, ಮಗಳ ಪಕ್ಕ ಮಂಡಿ ಮಡಚಿ ಕುಳಿತಳು. ಮಗಳು ಸ್ವಲ್ಪ ಜಾಗ ಬಿಟ್ಟುಕೊಟ್ಟಳು.

ಹೆಡ್‌ಮಾಸ್ತರರು ಏದುಸಿರು ಬಿಡುತ್ತಾ ಬಂದರು. ಹಾಜರಿ ಪುಸ್ತಕ ಹಿಡಿದ ಟೀಚರಮ್ಮ ಬೆಂಚಿನತ್ತ ಬೆರಳು ತೋರಿಸಿದರು.

"ಎಲ್ಲಿ ಸತ್ತಿದ್ದೀಯೇ? ಈಚೆ ಬಾ."

"ಸತ್ತಿಲ್ಲ ಸಾರ್. ಇಬ್ರೂ ಬಂದಿದ್ದೀವಿ. ಬಗ್ಗಿ ನೋಡಿ, ಹಾಜರಿ ಹಾಕ್ಸಿ."

ಮೂವತ್ತು ಮಕ್ಕಳು ಪಾಠ ಮರೆತು ಹೆಡ್‌ಮಾಸ್ತರರ ಸೊಂಟವನ್ನೇ ನೋಡುತ್ತಾ ಕುಳಿತರು.