ಆಚೆ ಗುಡ್ಡಕ್ಕೆ ಮುಟ್ಟಿದ ಕೂಗು

ಕಾಕಿ ಹಣ್ಣುಗಳ ಸಿಪ್ಪೆ ಹೆರೆದು ಒಣಗಲೆಂದು ಸೂರಿನಡಿ ಸಾಲಾಗಿ ತೂಗಹಾಕುವ ಕಾಲ. ಆಚೆ ಗುಡ್ಡದ ನೆರಳು ಹೊಳೆ ದಾಟಿ ಈಚೆಯ ಚಹಾ ಗಿಡಗಳ ಮೇಲೆ ಹತ್ತುತ್ತಿದ್ದ ಹೊತ್ತು. ಜಪಾನಿನ ಲೆಕ್ಕದ ಶೋವಾ ಐವತ್ತನಾಲ್ಕನೆಯ ವರ್ಷ, ಅಂದರೆ 1979ರ ನವೆಂಬರ್ ತಿಂಗಳ ಒಂದು ಬುಧವಾರ, ನಾಲ್ಕೂವರೆಯ ಬಸ್ಸಿನಿಂದ ಟೋಕಿಯೋದ ರಿತ್ಸುಕೊ ಇಳಿದಳು.

ಅವಳನ್ನು ಎದುರುಗೊಳ್ಳಲು ಚಿನಾಮಿ ಮೂರೂವರೆಯಿಂದಲೇ ಅಲ್ಲಿ ನಿಂತಿದ್ದಳು. ವಯಸ್ಸು ಹದಿನಾಲ್ಕು, ಚಳಿಗೆ ಕಿವಿಗಳು ಕೆಂಪಾಗಿದ್ದವು. ನಡು ಬಗ್ಗಿಸಿ ವಂದಿಸಿದ ರಭಸಕ್ಕೆ ಬೆನ್ನಿನ ಶಾಲೆಯ ಚೀಲ ತಲೆಯ ಮೇಲಿಂದ ಜಾರಿ ಬಂದು ಅತಿಥಿಯ ಮೊಣಕಾಲಿಗೆ ಬಡಿಯಿತು.

"ಕ್ಷಮಿಸಿ! ನಾನು ಚಿನಾಮಿ. ಎಂಟನೇ ಕ್ಲಾಸು. ನಿಮಗೆ ಕೂಗೋದು ಕಲಿಸೋ ಜವಾಬ್ದಾರಿ ನನಗೆ ಕೊಟ್ಟಿದಾರೆ. ಜೀವ ಹೋದ್ರೂ ಕಲಿಸ್ತೀನಿ."

"ಯಾರ ಜೀವ?" ಎಂದಳು ರಿತ್ಸುಕೊ, ಮೊಣಕಾಲು ಉಜ್ಜಿಕೊಳ್ಳುತ್ತ.

ಚಿನಾಮಿ ನಿಜವಾಗಿಯೂ ಯೋಚಿಸಿದಳು. "ಅದನ್ನ ಇನ್ನೂ ಗೊತ್ತು ಮಾಡಿಲ್ಲ ಅಕ್ಕ."

ರಿತ್ಸುಕೊ ಟಿವಿಯ ಕಾರ್ಟೂನುಗಳಿಗೆ ದನಿ ಕೊಟ್ಟು ಬದುಕುವವಳು. ಆರು ವರ್ಷದಲ್ಲಿ ಮೊಲಗಳಿಗೆ, ದಾರಿಹೋಕರಿಗೆ, ಒಮ್ಮೆ ಕುದಿಯುವ ಕೆಟಲಿಗೂ ದನಿ ಕೊಟ್ಟಿದ್ದಳು. ಈಗ ಮೊದಲ ಸಲ ನಾಯಕಿಯ ಪಾತ್ರ ಸಿಕ್ಕಿತ್ತು. ವಸಂತದಲ್ಲಿ ಬರಲಿದ್ದ ನಗೆಯ ಕಾರ್ಟೂನು ಅದು. ನಾಯಕಿ ಬೆಟ್ಟದೂರಿನ ಶಾಲೆ ಹುಡುಗಿ. ಮೊದಲ ಕಂತಿನಲ್ಲೇ ಅವಳು ಅಂಗಳದ ಅಂಚಿನಲ್ಲಿ ನಿಂತು ಎದುರು ಗುಡ್ಡದವರನ್ನು ಸ್ನಾನಕ್ಕೆ ಕೂಗಿ ಕರೆಯಬೇಕು. ರಿತ್ಸುಕೊ ಕೂಗಿದ್ದನ್ನು ಕೇಳಿ ನಿರ್ದೇಶಕರು, "ಟ್ಯಾಕ್ಸಿ ಕರೆದ ಹಾಗಿದೆ" ಎಂದಿದ್ದರು. ಸೋಮವಾರದೊಳಗೆ ಸರಿಹೋಗದಿದ್ದರೆ ಪಾತ್ರ ಇನ್ನೊಬ್ಬಳಿಗೆ. ಅವಳಿಗೆ ಕೂಗುವುದನ್ನು ಕಲಿಸಿಕೊಡಿ ಎಂಬ ಸ್ಟುಡಿಯೊದ ಪತ್ರ ಊರಿನ ಶಾಲೆಗೆ ಬಂದಾಗ ಹೆಡ್‌ಮಾಸ್ಟರು ಹಿಂದೆಮುಂದೆ ನೋಡದೆ ಅದನ್ನು ಚಿನಾಮಿಯ ಕೈಗಿಟ್ಟರು. ಕಸ ಗುಡಿಸು ಎಂದರೆ ಛಾವಣಿಯನ್ನೂ ಗುಡಿಸುವ ಹುಡುಗಿ ಅವಳು.

ಆ ಕಣಿವೆಯಲ್ಲಿ ಏಳು ಮನೆ. ಹೊಳೆಯ ಈಚೆ ನಾಲ್ಕು, ಆಚೆ ಮೂರು. ಸೌದೆ ಹೊತ್ತು ತರುವುದು ಕಷ್ಟ ಎಂದು ಸಂಜೆಗೊಂದು ಮನೆಯಂತೆ ಸರದಿಯಲ್ಲಿ ಆಳು ಕೂರುವಷ್ಟು ದೊಡ್ಡ ಸ್ನಾನದ ಹಂಡೆ ಕಾಯಿಸುತ್ತಿದ್ದರು. ನೀರು ಕಾದ ಮನೆಯವರು ಕೂಗಿದರೆ ಉಳಿದ ಆರು ಮನೆಯವರೂ ಟವೆಲು ಹಿಡಿದು ಬರಬೇಕು, ಹೊರಗೆ ಮೈ ತೊಳೆದುಕೊಂಡು ಒಬ್ಬೊಬ್ಬರಾಗಿ ಹಂಡೆಯೊಳಗೆ ಕೂತು ಬೆಚ್ಚಗಾಗಬೇಕು. ಫೋನು ಬಂದು ಎಂಟು ವರ್ಷವಾಗಿತ್ತು. ಆದರೆ ಫೋನಿನಲ್ಲಿ ಸ್ನಾನಕ್ಕೆ ಕರೆಯುವುದು ಯಾರಿಗೂ ಸರಿ ಕಾಣಲಿಲ್ಲ.

"ಒಂದು ಮಾತು," ಎಂದಳು ಚಿನಾಮಿಯ ಅಜ್ಜಿ ಯಾಸುನೊ, ಅತಿಥಿಗೆ ಮೂಲಂಗಿ ಉಪ್ಪಿನಕಾಯಿ ಬಡಿಸುತ್ತ. "ಇಲ್ಲಿ ಯಾರೂ ಸುಳ್ಳು ಕೂಗು ಕೂಗೋ ಹಾಗಿಲ್ಲ. ನೀರು ಕಾದಿದೆ ಅಂದ್ರೆ ಕಾದಿರಬೇಕು. ನನ್ನ ಮಾವನ ಕಾಲದಲ್ಲಿ ಒಬ್ಬ ತಮಾಷೆಗೆ ಕೂಗಿದ. ಮೂರು ವರ್ಷ ಅವನ ಮನೆಗೆ ಒಂದು ನಾಯೀನೂ ಹೋಗಲಿಲ್ಲ."

"ಹಾಗಾದ್ರೆ ಅಭ್ಯಾಸ ಹೇಗೆ ಮಾಡೋದು ಅಜ್ಜಿ?" ಎಂದಳು ರಿತ್ಸುಕೊ.

"ಎಲ್ಲಿ, ಒಂದ್ಸಲ ಕೂಗು ನೋಡೋಣ."

ರಿತ್ಸುಕೊ ಅಂಗಳಕ್ಕಿಳಿದು ಕತ್ತು ಚಾಚಿ ಕೂಗಿದಳು. ಅಜ್ಜಿ ತಟ್ಟೆಯಿಂದ ತಲೆಯೆತ್ತಲಿಲ್ಲ. "ಧಾರಾಳವಾಗಿ ಕೂಗಮ್ಮ. ಈ ದನಿ ನಮ್ಮ ಕಾಕಿ ಮರ ಕೂಡ ದಾಟಲ್ಲ."

ಗುರುವಾರ ಬೆಳಿಗ್ಗೆ ರಿತ್ಸುಕೊ ಕಣ್ಣು ಬಿಟ್ಟಾಗ ಗೋಡೆಯ ಮೇಲೆ ವೇಳಾಪಟ್ಟಿ ಅಂಟಿಸಿತ್ತು. ಮೊದಲ ಪಿರಿಯಡ್ಡು, ಶಾಲೆಗೆ ಮುಂಚೆ: ನಿಲ್ಲುವುದು. ಎರಡನೆಯದು, ಶಾಲೆ ಬಿಟ್ಟ ಮೇಲೆ: ಕೂಗುವುದು. ಮೂರನೆಯದು: ಇನ್ನೂ ಕೂಗುವುದು. ಚಿನಾಮಿ ಅಂಗಳದಲ್ಲಿ ನೆಟ್ಟಗೆ ನಿಂತು, "ಎದ್ದು ನಿಲ್ಲಿ! ನಮಸ್ಕಾರ!" ಎಂದಳು. ನಿಂತೇ ಇದ್ದ ರಿತ್ಸುಕೊ ಏನು ಮಾಡಬೇಕೆಂದು ತಿಳಿಯದೆ ಒಮ್ಮೆ ಕೂತು ಎದ್ದಳು.

ಸಂಜೆಯೆಲ್ಲ ಕೂಗಿದ್ದಾಯಿತು. ಆಚೆ ಗುಡ್ಡದ ಹೊಲದಲ್ಲಿ ಕೆಸುವಿನ ಗೆಡ್ಡೆ ಅಗೆಯುತ್ತಿದ್ದ ಗೆಂಪಾಚಿ ತಾತ ಬಹಳ ಹೊತ್ತು ಇತ್ತ ನೋಡಿದ. ಆಮೇಲೆ ಗುದ್ದಲಿಯ ಮೇಲೆ ಗಲ್ಲವೂರಿ, ಪಕ್ಕದಲ್ಲೇ ನಿಂತವರ ಜೊತೆ ಮಾತಾಡುವವನಂತೆ ದನಿ ಹರಿಯಬಿಟ್ಟ: "ಚಿನಾಮೀ... ಆ ಹುಡುಗಿ ಬಾಯಿ ತೆರೆಯೋದು ಕಾಣ್ತದೆ... ಏನೂ ಕೇಳಲ್ಲ... ಹಲ್ಲು ನೋವಾ...?"

ಒಂದೊಂದು ಮಾತೂ ಹೊಳೆ ದಾಟಿ ಬಂದು ಅಂಗಳದಲ್ಲಿ ಕೂತಿತು. ರಿತ್ಸುಕೊ ಮುಖ ಮುಚ್ಚಿಕೊಂಡಳು.

ಶುಕ್ರವಾರ ಅವಳ ಗಂಟಲು ಕಟ್ಟಿತು. ಅಜ್ಜಿ ಜೇನು ಹಾಕಿದ ಬಿಸಿನೀರು ಕೊಟ್ಟಳು. "ಸಾಕು ಟೀಚರ್," ಎಂದಳು ರಿತ್ಸುಕೊ, ಒಡೆದ ದನಿಯಲ್ಲಿ. "ಇನ್ನೊಬ್ಬಳಿಗೇ ಕೊಡ್ಲಿ. ನಾನು ಕೆಟಲಿಗೇ ಲಾಯಕ್ಕು."

"ಇಲ್ಲ." ಚಿನಾಮಿಯ ಕಿವಿ ಇನ್ನಷ್ಟು ಕೆಂಪಾಯಿತು. "ನಾನು ಏಳು ವರ್ಷದವಳಿದ್ದಾಗ ಒಂದು ಚಳಿಗಾಲ ಪೂರ್ತಿ ಕೂಗಿದೀನಿ. ನಮ್ಮ ಕೋಳಿಗಳು ಕೂಡ ತಿರುಗಿ ನೋಡ್ಲಿಲ್ಲ. ನೀವು ಕೂಗಿದ್ದು ಎರಡೇ ದಿನ. ಆ ಕಾರ್ಟೂನು ನಮ್ಮೂರಿನಂಥ ಊರಿನ ಹುಡುಗೀದು. ಅವಳು ಟ್ಯಾಕ್ಸಿ ಕರೆದ ಹಾಗೆ ಕೂಗಿದ್ರೆ, ಊರವರೆಲ್ಲ ಹೀಗೇನಾ ಅಂತ ಜನ ನಗ್ತಾರೆ. ನಗಬೇಕಾದ ಜಾಗದಲ್ಲಿ ನಗಲಿ. ಅಲ್ಲಿ ಬೇಡ."

ರಿತ್ಸುಕೊ ಸುಮ್ಮನೆ ಕೂರಲಾರದೆ, ಆರುತ್ತಿದ್ದ ಒಲೆಯ ಮುಂದೆ ಕುಕ್ಕರಿಸಿ ಬಿದಿರಿನ ಊದುಗೊಳವೆ ಎತ್ತಿಕೊಂಡಳು. ಕೆನ್ನೆ ಉಬ್ಬಿಸಿ ಫೂ, ಫೂ ಎಂದು ಊದಿದಳು. ಬೂದಿಯೆಲ್ಲ ಎದ್ದು ಮುಖಕ್ಕೆ ಮೆತ್ತಿತು. ಬೆಂಕಿ ಆರಿಯೇಹೋಯಿತು.

ಅಜ್ಜಿ ನಕ್ಕಳು. ಚಿನಾಮಿ ನಗಲಿಲ್ಲ.

"ಅಕ್ಕ, ಇನ್ನೊಂದ್ಸಲ ಊದಿ."

"ಯಾಕೆ, ಮುಖದಲ್ಲಿ ಜಾಗ ಉಳಿದಿದೆಯಾ?"

"ಊದಿ!" ಮತ್ತೆ ಊದಿದಳು. ಚಿನಾಮಿ ಎದ್ದು ಹೋಗಿ ಗೋಡೆಯ ವೇಳಾಪಟ್ಟಿಯನ್ನು ಕಿತ್ತಳು. "ತಪ್ಪು ನಂದು. ನೀವು ಊದೋದೂ ಗಂಟಲಿಂದ, ಕೂಗೋದೂ ಗಂಟಲಿಂದ. ನಾಳೆ ಸಂಜೆ ತನಕ ಕೂಗೋದು ಬೇಡ. ಬರೀ ಊದೋದು."

ಶನಿವಾರ ಅನ್ನದ ಒಲೆ, ಸಾರಿನ ಒಲೆ, ಚಹಾದ ಒಲೆ, ಎಲ್ಲವೂ ರಿತ್ಸುಕೊಗೆ. ಅಜ್ಜಿ ಪಕ್ಕದಲ್ಲಿ ಕೂತು ಅವಳ ಹೊಟ್ಟೆಗೆ ಕೋಲಿನಿಂದ ತಿವಿಯುತ್ತಿದ್ದಳು. "ಇಲ್ಲಿಂದ. ನಿಧಾನ. ಬೆಂಕಿಗೆ ಸಿಟ್ಟು ಬರಬಾರದು." ಅರ್ಧ ದಿನದ ಶಾಲೆ ಮುಗಿಸಿ ಓಡಿಬಂದ ಚಿನಾಮಿಗೆ ಒಲೆಯಲ್ಲಿ ಉರಿ ನೆಟ್ಟಗೆ ನಿಂತಿದ್ದು ಕಂಡಿತು.

ನೆರಳು ಹೊಳೆ ದಾಟಿದಾಗ ಇಬ್ಬರೂ ಅಂಗಳದ ಅಂಚಿಗೆ ಬಂದರು.

"ಕಿರುಚಬೇಡಿ. ಆಚೆ ಗುಡ್ಡದಲ್ಲಿ ಒಲೆ ಇದೆ ಅಂದ್ಕೊಳ್ಳಿ. ಬೂದಿ ಹಾರದ ಹಾಗೆ ಊದಿ."

ರಿತ್ಸುಕೊ ಕಣ್ಣು ಮುಚ್ಚಿದಳು. "ನೀ...ರು ಕಾ...ದಿದೆ... ಬ...ನ್ನೀ...!"

ದನಿ ಚಹಾ ಗಿಡಗಳ ಮೇಲಿಂದ ಇಳಿಯಿತು, ಹೊಳೆ ದಾಟಿತು, ಆಚೆಯ ದೇವದಾರು ಸಾಲಿಗೆ ತಾಗಿತು. ಆಮೇಲೆ ಅತ್ತಲಿಂದ ಗೆಂಪಾಚಿ ತಾತನ ಉತ್ತರ: "ಓ...ಓ... ಬಂ...ದೇ...!" ಅದರ ಹಿಂದೆಯೇ ಅವನ ಕೆಳಗಿನ ಮನೆಯ ಫುಜಿಎ ಅಜ್ಜಿಯದು, "ನಾ...ನೂ...!"

ಚಿನಾಮಿ ಕುಣಿದಳು. ಕುಣಿದವಳು ಒಂದು ಕಾಲು ಮೇಲಿರುವಾಗಲೇ ನಿಂತುಬಿಟ್ಟಳು.

"ಅಜ್ಜೀ! ನಮ್ಮ ಹಂಡೇಲಿ ನೀರೇ ಇಲ್ಲ!"

ಆ ಸಂಜೆಯ ಸರದಿ ಗೆಂಪಾಚಿಯದಾಗಿತ್ತು. ಎರಡು ದಿನ ಯಾರಿಗೂ ಕೇಳಿಸದ ಕೂಗು ಈ ದಿನ ಮುಟ್ಟಿದರೆ ಏನಾದೀತೆಂದು ಅವಳು ಯೋಚಿಸಿಯೇ ಇರಲಿಲ್ಲ.

ಅಜ್ಜಿ ಮೂಲಂಗಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಕೂಗಿ ಆಯ್ತಲ್ಲ. ಈಗ ಅದನ್ನ ನಿಜ ಮಾಡು."

ತೂಗುಸೇತುವೆ ದಾಟಿ ಗುಡ್ಡ ಹತ್ತಲು ಮುದುಕರಿಗೆ ನಲವತ್ತು ನಿಮಿಷ ಬೇಕು. ಹಂಡೆ ಕಾಯಲು ಒಂದು ಗಂಟೆಯ ಮೇಲೆ. ಚಿನಾಮಿ ಝರಿಯಿಂದ ನೀರು ತರುವ ಬಿದಿರ ಕೊಳವೆಯನ್ನು ಹಂಡೆಗೆ ತಿರುಗಿಸಿದಳು, ಅದು ಸಾಲದೆಂದು ಎರಡು ಕೈಯಲ್ಲಿ ಎರಡು ಬಕೆಟ್ಟು ಹಿಡಿದು ಓಡಿದಳು. ಒಣ ದೇವದಾರು ಸೊಪ್ಪು, ಪೈನ್ ಕಾಯಿ, ಕಿತ್ತಿಟ್ಟಿದ್ದ ವೇಳಾಪಟ್ಟಿ, ಎಲ್ಲವೂ ಒಲೆಗೆ ಹೋಯಿತು. ರಿತ್ಸುಕೊ ಟೋಕಿಯೋದ ಲಂಗದಲ್ಲೇ ಮಣ್ಣಿಗೆ ಮೊಣಕಾಲೂರಿ ಊದಿದಳು.

ಮೊದಲು ಬಂದವನು ಗೆಂಪಾಚಿಯೇ. ಕುತ್ತಿಗೆಗೆ ಟವೆಲು. "ಯಾಸುನೊ, ನಿನ್ನ ಹೊಟ್ಟೆ ತಣ್ಣಗಿರಲಿ! ನನ್ನ ಸೊಂಟ ಹಿಡ್ಕೊಂಡಿದೆ ಅಂತ ಸರದಿ ನೀನೇ ತಗೊಂಡ್ಯಲ್ಲ. ಹಚ್ಚಿದ್ದ ಒಲೆಗೆ ಖುಷಿಯಿಂದ ನೀರು ಸುರಿದು ಬಂದೆ."

ಚಿನಾಮಿ ಅವನೆದುರು ಕೂತು ಹಣೆಯನ್ನು ನೆಲಕ್ಕೆ ಮುಟ್ಟಿಸಿದಳು. "ತಾತ, ಅದು ಸುಳ್ಳು ಕೂಗು. ನೀರು ಕಾದಿಲ್ಲ. ಕೂಗಿಸಿದ್ದು ನಾನು, ತಪ್ಪು ನಂದು. ಮೂರು ವರ್ಷ ಬರದಿದ್ರೂ ಸರಿ. ಇವತ್ತು ಮಾತ್ರ ಅರ್ಧ ಗಂಟೆ ಕೊಡಿ!"

ಗೆಂಪಾಚಿ ಹಂಡೆಗೆ ಬೆರಳದ್ದಿದ. "ಇದರಲ್ಲಿ ಮೀನು ಸಾಕಬಹುದು."

"ನಿನ್ನ ಮನೆ ನೀರು ನಲವತ್ತು ವರ್ಷದಿಂದ ಹೀಗೇ ಇದೆ," ಎಂದಳು ಹಿಂದೆಯೇ ಏದುಸಿರು ಬಿಡುತ್ತ ಬಂದ ಫುಜಿಎ ಅಜ್ಜಿ. "ಕೂತ್ಕೋ ಸುಮ್ನೆ."

ಅಜ್ಜಿ ಚಹಾ ತಂದಳು, ಹೆಚ್ಚಿದ ಮೂಲಂಗಿ ತಂದಳು. ಗೆಂಪಾಚಿ ಒಲೆಯ ಕಡೆ ನೋಡಿದ. ಬೂದಿ ಬಳಿದ ಮುಖವೊಂದು ಕೊಳವೆಗೆ ಬಾಯಿಟ್ಟು ಉಸಿರು ಬಿಡುತ್ತಿತ್ತು.

"ಕೂಗಿದ್ದು ಯಾರು?"

"ಈ ಅಕ್ಕ," ಎಂದಳು ಚಿನಾಮಿ ತಲೆಯೆತ್ತದೆ.

"ಆ ಹಲ್ಲು ನೋವಿನವಳಾ?" ಗೆಂಪಾಚಿ ಚಹಾ ಕೆಳಗಿಟ್ಟ. "ನಾನು ನೀನೇ ಅಂದ್ಕೊಂಡೆ."

ರಿತ್ಸುಕೊ ಒಂದು ಕ್ಷಣ ಊದುವುದನ್ನು ಮರೆತಳು. ಆಮೇಲೆ ಮೊದಲಿಗಿಂತ ನಿಧಾನವಾಗಿ, ಮೊದಲಿಗಿಂತ ಉದ್ದಕ್ಕೆ ಊದಿದಳು. ಅರ್ಧ ಗಂಟೆಗೆ ನೀರಿನಿಂದ ಹಬೆ ಎದ್ದಿತು. ಮುದುಕರು ಒಬ್ಬೊಬ್ಬರಾಗಿ ಕೂತೆದ್ದರು. ಕೂಗಿದ ಮನೆಯವರು ಕೊನೆಗೆ ಎಂಬುದು ವಾಡಿಕೆ. ಅತಿಥಿ ಮೊದಲು ಹೋಗಲಿ ಎಂದು ಅಜ್ಜಿ ಹೇಳಿದರೂ ರಿತ್ಸುಕೊ ಒಪ್ಪಲಿಲ್ಲ. "ಕೂಗಿದ್ದು ನಾನಲ್ವಾ" ಎಂದಳು.

ಮುಂದಿನ ವಸಂತದಲ್ಲಿ ಅಂಗಡಿಯ ಟಿವಿಯಲ್ಲಿ ಆ ಕೂಗು ಕೇಳಿದಾಗ ಗೆಂಪಾಚಿ ಟವೆಲಿಗೆ ಕೈ ಹಾಕಿದನೆಂದು ಫುಜಿಎ ಅಜ್ಜಿ ಸಾಯುವ ತನಕ ಹೇಳುತ್ತಿದ್ದಳು. ಅವನು ಒಪ್ಪಿಕೊಳ್ಳಲೇ ಇಲ್ಲ.

ಆ ಸ್ನಾನದ ಮರುದಿನವೇ ರಿತ್ಸುಕೊ ಹೊರಟಳು, ಅಜ್ಜಿ ಕೊಟ್ಟ ಊದುಗೊಳವೆಯನ್ನು ಚೀಲಕ್ಕೆ ಸಿಕ್ಕಿಸಿಕೊಂಡು, ಬೆಳಗಿನ ಒಂಬತ್ತರ ಬಸ್ಸಿಗೆ. ಅದು ನವೆಂಬರ್ ಹದಿನೆಂಟು, ಭಾನುವಾರ.